ದೊಡ್ಡವ್ವನ ಮನೆವಾರ್ತೆ

ನನ್ನನ್ನು ಜೀವನದಲ್ಲಿ ಅತಿ ಹೆಚ್ಚು ದೋಚಿದವರು ಯಾರು ಎಂದು ನೀವು ಕೇಳಿದರೆ, ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ: ನಮ್ಮ ದೊಡ್ಡವ್ವ! ಕಳ್ಳರು ದೋಚಿದರೆ ಪೊಲೀಸರಿದ್ದಾರೆ. ಸಾಹುಕಾರರು ದೋಚಿದರೆ ಕೋರ್ಟಿದೆ. ಹಾಡಹಗಲೇ, ಬಾಗಿಲು ಹಾರು ಹೊಡೆದಿಟ್ಟು, ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಆಮೇಲೆ ದೋಚುವ ಹೆಂಗಸಿನ ಮೇಲೆ ಯಾರಿಗೆ ಫಿರ್ಯಾದು ಕೊಡುವುದು? ಅದೂ ಹೋಗಲಿ, ಕಳ್ಳನ ಮನೆ ಜಡತಿ ಮಾಡಿದರೆ ಮಾಲಾದರೂ ಸಿಗುತ್ತದೆ. ನಮ್ಮ ದೊಡ್ಡವ್ವನ ಮನೆ ಜಡತಿ ಮಾಡಿದರೆ ಎರಡು ಸೀರೆ, ಒಂದು ಟ್ರಂಕು, ಒಂದು ಮುದಿ ಆಡು ಮತ್ತು ನಾನು ಸಿಗುತ್ತಿದ್ದೆವು. ಆಡು ಕೂಡ ಅವಳದಲ್ಲ. ನಾನೂ ಅವಳವನಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು!

ಇಷ್ಟು ವರ್ಷಗಳ ಮೇಲೂ ಬರೆಯಲು ಕುಳಿತರೆ ನನಗೆ ಕಿವಿ ಬಿಸಿಯಾಗುತ್ತದೆ. ಆದರೆ ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು. ಏನನ್ನೂ ಸುಮ್ಮನೆ ನಂಬಬಾರದೆಂದು ಕಲಿಯಲು ಹೋಗಿ, ಕೊನೆಗೆ ನನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದು ಮುಟ್ಟಿದವನು. ಹೀಗಾಗಿ ಕೆಳಗಿನದರಲ್ಲಿ ಎಷ್ಟು ನಡೆದದ್ದು, ಎಷ್ಟು ಸಿಟ್ಟು ಸೇರಿಸಿದ್ದು ಎಂದು ನೀವೇ ಸೋಸಿಕೊಳ್ಳಬೇಕು. ಸಿಟ್ಟು ಮಾತ್ರ ಖಂಡಿತವಾಗಿ ನಿಜ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಬೆಟಗೇರಿಯಲ್ಲಿ ಮಿಶನ್ನಿನವರ ಹುಡುಗಿಯರ ಬೋರ್ಡಿಂಗಿಗೆ ಮೇಟ್ರನ್. ಮದುವೆಯಾಗಿರಲಿಲ್ಲ. ಊರೆಲ್ಲ 'ಬಾಯಾರ' ಎಂದು ಕರೆಯುತ್ತಿತ್ತು. ನನ್ನ ತಂದೆ ಲಕ್ಷ್ಮೇಶ್ವರದ ದೊಡ್ಡ ಹತ್ತಿ ವ್ಯಾಪಾರಿಯೊಬ್ಬನ ಮಗ. ಜ್ವರ ಬಂದು ಬೆಟಗೇರಿಯ ದವಾಖಾನೆ ಸೇರಿದಾಗ ಅಲ್ಲಿ ನರ್ಸಾಗಿದ್ದ ನನ್ನ ತಾಯಿಯನ್ನು ನೋಡಿ, ಜ್ವರ ಬಿಟ್ಟರೂ ದವಾಖಾನೆ ಬಿಡಲಿಲ್ಲವಂತೆ. ಅವಳ ಕ್ರೈಸ್ತ ಮತಕ್ಕೆ ಸೇರಿ ಅವಳನ್ನೇ ಮದುವೆಯಾದ. ಅವನ ಮನೆಯವರು ಅವನ ಹೆಸರು ಎತ್ತುವುದನ್ನು ಬಿಟ್ಟರು. ನಾನು ಇನ್ನೂ ಹಾಲು ಕುಡಿಯುತ್ತಿದ್ದಾಗ ಒಂದೇ ಮಳೆಗಾಲದ ಕಾಲರಾ ಇಬ್ಬರನ್ನೂ ಒಯ್ದಿತು. ಉಳಿದವನು ನಾನು, ಎತ್ತಿಕೊಂಡವಳು ದೊಡ್ಡವ್ವ.

ಅವಳಿಗೊಂದು ಹುಚ್ಚಿತ್ತು. ಆ ಹುಚ್ಚಿನ ಹೆಸರು ಮನೆವಾರ್ತೆ.

ಕ್ರೈಸ್ತರಲ್ಲದ ಓದುಗರಿಗಾಗಿ ಹೇಳುತ್ತೇನೆ. ಯಜಮಾನ ಪರಊರಿಗೆ ಹೋಗುವಾಗ ಮನೆ, ಹೊಲ, ದನಕರ ಎಲ್ಲ ಒಬ್ಬ ಆಳಿನ ಕೈಗೆ ಕೊಟ್ಟು ಹೋಗುತ್ತಾನೆ. ಆ ಆಳು ಮನೆವಾರ್ತೆಯವನು. ಏನೂ ಅವನದಲ್ಲ, ಎಲ್ಲದಕ್ಕೂ ಅವನೇ ಹೊಣೆ. ಯಜಮಾನ ಬಂದು ಕೇಳಿದ ದಿನ ಒಪ್ಪಿಸಬೇಕು. ಇದನ್ನು ನಮ್ಮ ಚರ್ಚಿನ ಅಯ್ಯನವರು ವರ್ಷಕ್ಕೊಮ್ಮೆ ಪ್ರಸಂಗದಲ್ಲಿ ಹೇಳುತ್ತಿದ್ದರು. ಸಭೆಯವರೆಲ್ಲ ತಲೆ ಅಲ್ಲಾಡಿಸಿ, ಮನೆಗೆ ಹೋಗಿ, ಊಟ ಮಾಡಿ ಮಲಗುತ್ತಿದ್ದರು. ಅದೇ ಸರಿಯಾದ ಕ್ರಮ! ಪ್ರಸಂಗ ಇರುವುದೇ ಅದಕ್ಕೆ! ಆದರೆ ನಮ್ಮ ದೊಡ್ಡವ್ವ ಅದನ್ನು ನಿಜವೆಂದು ತಿಳಿದುಬಿಟ್ಟಳು.

ಅವಳ ಪ್ರಕಾರ ಮನೆವಾರ್ತೆಗೆ ಎರಡೇ ನೇಮ. "ಕೆಡಸಬ್ಯಾಡ. ಬಚ್ಚಿಡಬ್ಯಾಡ." ಕೇಳಲು ಎಷ್ಟು ಚೆಂದ! ಬದುಕಲು ಪ್ರಯತ್ನಿಸಿ ನೋಡಿ.

'ಕೆಡಸಬ್ಯಾಡ' ಎಂದರೆ, ಬೆಂಕಿಕಡ್ಡಿಯನ್ನು ಉದ್ದಕ್ಕೆ ಸೀಳಿ ಎರಡು ಮಾಡುವುದು. ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಲೆ ತೊಳೆದು, ಆ ನೀರಿನಲ್ಲಿ ಕೈ ತೊಳೆದು, ಆ ನೀರನ್ನು ನಿಂಬೆಗಿಡಕ್ಕೆ ಹಾಕಿ, ಗಿಡದ ಬುಡದಲ್ಲಿ ನಿಂತದ್ದನ್ನು ಆಡಿಗೆ ಕುಡಿಸುವುದು. ಸೋಪಿನ ಚೂರು ಕಣ್ಣಿಗೆ ಕಾಣುವವರೆಗೂ ಅದು ಸೋಪು. ಕಾಣದಾದ ಮೇಲೆ ಅದರ ವಾಸನೆ ಇರುವವರೆಗೂ ಸೋಪು. ಸ್ನಾನಕ್ಕೆ ನನಗೆ ಸಿಗುತ್ತಿದ್ದ ನೀರಿನಲ್ಲಿ ಗುಬ್ಬಿಯೂ ಸಮಾಧಾನದಿಂದ ಮೈ ತೊಳೆಯುತ್ತಿರಲಿಲ್ಲ.

ಒಮ್ಮೆ ಅವಳಿಗೆ ದವಡೆ ಹಲ್ಲು ನೋವಾಯಿತು. ಗದಗ ಪ್ಯಾಟಿಯಲ್ಲಿ ಹಲ್ಲು ಕೀಳುವವನೊಬ್ಬನಿದ್ದ. ಇಕ್ಕಳ ಹಿಡಿದು ಬಾಯಿ ತೆರೆಯಿರಿ ಎಂದರೆ ನಮ್ಮ ದೊಡ್ಡವ್ವ ತೆರೆಯಲೊಲ್ಲಳು.

"ಕಿತ್ತೇಬಿಡೂದೇನು? ಉಳಿಯಂಗಿಲ್ಲೇನು?"

"ಹುಳಕ್ ಹಲ್ಲು ಇಟಗೊಂಡು ಏನ್ ಮಾಡತೀರಿ ಬಾಯಾರ?"

"ನಂದಿದ್ರ ನಿನ್ನಿನ ಕೀಳಸತಿದ್ದೆ. ಮತ್ತೊಬ್ಬರದು ನೋಡು. ನಾಳೆ ಎಲ್ಲಿ ಹಲ್ಲು ಅಂದ್ರ ಏನ್ ಹೇಳ್ಲಿ?"

ಹಲ್ಲಿನವನು ಗಾಬರಿಯಾಗಿ ಇಕ್ಕಳ ಕೆಳಗಿಟ್ಟು ನನ್ನ ಮುಖ ನೋಡಿದ. ಇನ್ನೊಬ್ಬರ ಹಲ್ಲನ್ನು ಬಾಯಲ್ಲಿಟ್ಟುಕೊಂಡು ಬಂದ ಗಿರಾಕಿಯನ್ನು ಅವನು ಎಂದೂ ನೋಡಿರಲಿಲ್ಲ!

ಸ್ವಾತಂತ್ರ್ಯ ಬಂದಾಗಲೂ ಇದೇ ಕತೆ. ಊರೆಲ್ಲ ಹಿಂದಿನ ರಾತ್ರಿಯಿಂದ ಕುಣಿದು ಬೆಳಿಗ್ಗೆ ಪೇಢೆ ಹಂಚುತ್ತಿತ್ತು. ದೊಡ್ಡವ್ವ ಬೆಟಗೇರಿಯ ಬೀದಿಯಲ್ಲಿ ಒಂದು ಸ್ಟೂಲು ಹೊತ್ತುಕೊಂಡು, ಬೆಳಕು ಹರಿದರೂ ಉರಿಯುತ್ತಿದ್ದ ಮುನಸಿಪಾಲಟಿಯ ಕಂದೀಲುಗಳನ್ನು ಒಂದೊಂದಾಗಿ ಊದಿ ಆರಿಸುತ್ತ ಹೊರಟಳು. ಮುನಸಿಪಾಲಟಿಯ ಸಿಪಾಯಿ ಓಡಿ ಬಂದ.

"ಬಾಯಾರ, ಇವತ್ತೊಂದಿನ ಉರೀಲಿ ಬಿಡ್ರಿ! ಸ್ವಾತಂತ್ರ್ಯ ಬಂದೈತಿ!"

"ಅದಕ್ಕ ಆರಸಾಕ ಬಂದೀನೋ ಯಪ್ಪಾ. ನಿನ್ನಿ ತನಕಾ ಬಿಳೆ ಮಂದಿ ಎಣ್ಣಿ, ಉರೀತಿತ್ತು, ಉರೀಲಿ. ಇವತ್ತು ನಮ್ಮ ಕೈಯಾಗ ಕೊಟ್ಟಾರ. ಹಿಡಿ, ಸ್ಟೂಲ್ ಹಿಡಿ."

ಅವನು ತೊಟ್ಟ ಹೊಸ ಖಾದಿ ಟೊಪ್ಪಿಗೆಯ ಮೇಲೆ ಮಸಿ ಬಿತ್ತು. ನಮ್ಮ ಊರಿನಲ್ಲಿ ಸ್ವಾತಂತ್ರ್ಯದ ಮೊದಲ ಬೈಗುಳ ತಿಂದ ಮನುಷ್ಯ ಅವನೇ ಇರಬೇಕು.

ಇದೆಲ್ಲ ನಗುವ ಮಾತಾಯಿತು. 'ಬಚ್ಚಿಡಬ್ಯಾಡ' ಎಂಬ ಎರಡನೆಯ ನೇಮಕ್ಕೆ ಬಂದರೆ ನಿಮಗೂ ನಗು ನಿಲ್ಲುತ್ತದೆ. ಬೆಂಕಿಕಡ್ಡಿ ಸೀಳುವ ಇದೇ ಹೆಂಗಸು, ಯಾರಾದರೂ ಬಾಗಿಲಲ್ಲಿ ನಿಂತು "ಬಾಯಾರ, ಚಳಿ" ಅಂದರೆ ಸಾಕು, ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟುಬಿಡುತ್ತಿದ್ದಳು. ತನ್ನದನ್ನು ಕೊಟ್ಟರೆ ಯಾರು ಬೇಡ ಅನ್ನುತ್ತಾರೆ? ಅವಳ ಪ್ರಕಾರ ಅವಳದು ಅಂತ ಏನೂ ಇರಲಿಲ್ಲವಲ್ಲ, ಹಾಗಾಗಿ ನನ್ನದನ್ನು ಕೊಡುತ್ತಿದ್ದಳು!

ಕಾಲೇಜಿಗೆ ಸೇರಿದ ವರ್ಷ ನನಗೊಂದು ಉಣ್ಣೆಯ ಕೋಟು ಬಂತು. ಕಂದು ಬಣ್ಣದ್ದು. ಅಥವಾ ಬೂದಿ ಬಣ್ಣದ್ದೋ? ಅದನ್ನು ತೊಟ್ಟದ್ದೇ ಅಷ್ಟು ಕಡಿಮೆ, ನೆನಪಾದರೂ ಹೇಗೆ ಇರಬೇಕು? ದೀಪಾವಳಿ ರಜೆಗೆ ಬಂದು ಗೂಟಕ್ಕೆ ನೇತು ಹಾಕಿದೆ. ಮರುದಿನ ಗೂಟವಿತ್ತು.

"ದೊಡ್ಡವ್ವಾ, ನನ್ನ ಕೋಟು?"

"ಟಾಂಗಾ ಹೊಡಿಯೋ ಮುದುಕ ಬಂದಿದ್ದ. ನಸಿಕಿನ್ಯಾಗ ಟೇಶನ್ನಿಗೆ ಹೋಗಬೇಕಾಗತೈತಂತ ಪಾಪ, ಥಂಡಿ."

"ನನಗ ಥಂಡಿ ಆಗೂದಿಲ್ಲೇನು?"

"ನೀ ಆ ಹೊತ್ತಿಗೆ ಏಳೂದ ಇಲ್ಲಲ್ಲೋ."

"ಅದು ನಂದಾಗಿತ್ತು!"

"ನಿಂದು ಹ್ಯಾಂಗ ಆದೀತು? ನಿನಗ ತೊಟಗೊಳ್ಳಾಕ ಕೊಟ್ಟಿತ್ತು. ನೀ ಗೂಟಕ್ಕ ತೊಡಸಿದಿ."

ರಜೆ ಮುಗಿಸಿ ಧಾರವಾಡಕ್ಕೆ ಹೊರಟಾಗ ನಾನು ನಡುಗುತ್ತ ಕುಳಿತದ್ದು ಅದೇ ಮುದುಕನ ಟಾಂಗಾದಲ್ಲಿ. ಮುಂದೆ ನನ್ನ ಕೋಟು ತೊಟ್ಟು ಅವನು ಬೆವರುತ್ತಿದ್ದ. "ಉಣ್ಣಿ ಭಾರೀ ಐತ್ರಿ ತಮ್ಮಾರ, ತಡಕೊಳ್ಳಾಕ ಆಗವಲ್ದು" ಎಂದು ನನಗೇ ದೂರು ಹೇಳಿದ!

ಕೋಟು ಹೋದರೆ ಹೋಗಲಿ ಎಂದುಕೊಳ್ಳಬಹುದು. ಪೆನ್ನಿನದನ್ನು ಮಾತ್ರ ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.

ನಮ್ಮ ಕಡೆ ಚರ್ಚಿನಲ್ಲಿ ಸುಗ್ಗಿಯ ಹಬ್ಬ ಎಂದು ಮಾಡುತ್ತಾರೆ. ಜೋಳ ಬೆಳೆದವರು ಮೊದಲ ತೆನೆ, ಕೋಳಿ ಸಾಕಿದವರು ಕೋಳಿ, ನೇಯುವವರು ಒಂದು ಸೀರೆ, ಏನೂ ಇಲ್ಲದವರು ಅಡುಗೆ ಮಾಡುವಾಗಲೆಲ್ಲ ಒಂದೊಂದು ಹಿಡಿ ತೆಗೆದಿಟ್ಟು ಕೂಡಿಸಿದ ಜೋಳ, ಹೀಗೆ ಪ್ರಥಮ ಫಲವೆಂದು ತಂದು ಒಪ್ಪಿಸುತ್ತಾರೆ. ಆಮೇಲೆ ಅಂಗಳದಲ್ಲಿ ಅವೆಲ್ಲದರ ಲಿಲಾವು, ಅಂದರೆ ಹರಾಜು. ಲಿಲಾವಿನ ಮಜಾ ಏನೆಂದರೆ, ಕುಂಬಳಕಾಯಿ ಕೊಂಡವನು ಅದನ್ನು ಮನೆಗೆ ಒಯ್ಯುವುದಿಲ್ಲ; "ಮತ್ತೊಮ್ಮೆ ಇಡ್ರಿ" ಎಂದು ತಿರುಗಿ ಕೊಡುತ್ತಾನೆ. ಹೀಗೆ ಒಂದೇ ಕುಂಬಳಕಾಯಿ ಸಂಜೆಯವರೆಗೆ ಹತ್ತು ಮನೆಯವರದಾಗಿ, ಕೊನೆಗೆ ಯಾರದೂ ಆಗದೆ ಅಯ್ಯನವರ ಮನೆಯ ಸಾರಿಗೆ ಬೀಳುತ್ತದೆ.

ಆ ವರ್ಷ ನಾನು ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ಒಂದು ಫೌಂಟನ್ ಪೆನ್ನು ಗೆದ್ದಿದ್ದೆ. ಪ್ರಬಂಧದ ವಿಷಯ, ಹೇಳಿದರೆ ನಗುತ್ತೀರಿ, ದೇವರಿಲ್ಲದ ನೀತಿ ಸಾಧ್ಯವೇ ಎಂಬುದು. ಸಾಧ್ಯ ಎಂದು ಬರೆದಿದ್ದೆ. ಹಬ್ಬದ ದಿನ ಅಂಗಳದ ಮೂಲೆಯಲ್ಲಿ ನಿಂತು ಲಿಲಾವು ನೋಡುತ್ತಿದ್ದೇನೆ: ಒಂದು ಹುಂಜ, ಒಂದು ಕುಂಬಳಕಾಯಿ, ಅವೆರಡರ ನಡುವೆ ನನ್ನ ಪೆನ್ನು!

"ಇದು ನಮ್ಮ ಹುಡುಗನ ಮೊದಲನೇ ಬೆಳಿ!" ಎಂದು ದೊಡ್ಡವ್ವ ಎಲ್ಲರಿಗೂ ತೋರಿಸುತ್ತಿದ್ದಾಳೆ. ದೇವರು ಬೇಕಿಲ್ಲವೆಂದು ಬರೆದು ಗೆದ್ದದ್ದನ್ನು ಒಯ್ದು ದೇವರಿಗೇ ಕೊಟ್ಟಿದ್ದಳು!

ನಾನು ಸಿಟ್ಟಿನಿಂದ ನನ್ನ ಪೆನ್ನಿಗೆ ನಾನೇ ಬೆಲೆ ಕೂಗಿದೆ. ದವಾಖಾನೆಯ ಕಂಪೌಂಡರನು ನನ್ನ ಮುಖ ನೋಡಿ ತಮಾಷೆಗೆ ಏರಿಸಿದ. ನಾನೂ ಏರಿಸಿದೆ. ಅವನು ಮತ್ತೆ ಏರಿಸಿದ. ನನ್ನ ಕಿಸೆ ಮುಗಿಯಿತು, ಅವನ ತಮಾಷೆ ಮುಗಿಯಲಿಲ್ಲ. ಪೆನ್ನು ಅವನದಾಯಿತು. "ಮತ್ತೊಮ್ಮೆ ಇಡ್ರಿ" ಅನ್ನುತ್ತಾನೆಂದು ನಾನು ಕಾದೆ. ಎಲ್ಲರೂ ಕಾದರು. ಆ ಹಬ್ಬದ ಚರಿತ್ರೆಯಲ್ಲೇ ಕೊಂಡ ವಸ್ತುವನ್ನು ಕಿಸೆಗೆ ಸಿಕ್ಕಿಸಿಕೊಂಡು ನಡೆದ ಏಕೈಕ ಭಕ್ತ ಅವನು. ಕುಂಬಳಕಾಯಿಗಿದ್ದ ಭಾಗ್ಯ ನನ್ನ ಪೆನ್ನಿಗಿರಲಿಲ್ಲ.

ಆ ಸಂಜೆ ನಾನು ದೊಡ್ಡವ್ವನ ಮೇಲೆ ಇಡೀ ತತ್ವಶಾಸ್ತ್ರವನ್ನೇ ಎತ್ತಿ ಹಾಕಿದೆ. "ಮಾಲಕ, ಮಾಲಕ ಅಂತೀಯಲ್ಲ, ಯಾರವ? ನೋಡೀಯೇನು? ಅದಾನಂತ ಸಿದ್ಧ ಮಾಡು. ಮಾಲಕನ ಇಲ್ಲಂದ್ರ ನಿನ್ನ ಮನೆವಾರ್ತಿ ಏನಾತು?"

ಅವಳು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮಾಲಕ ಇಲ್ಲಂದ್ರ ಇಲ್ಲಂತ ತಿಳ್ಕೋ. ಮನಿಯಂತೂ ಐತಲ್ಲೋ ತಮ್ಮಾ? ಕಸಾ ಯಾರ ಹೊಡೀಬೇಕು?"

ಇದಕ್ಕೆ ಏನು ಉತ್ತರವೆಂದು ನನ್ನ ಪ್ರೊಫೆಸರರನ್ನು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ ಎಂಬ ಸಂಶಯ.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಏಕೀಕರಣದ ವರ್ಷ ಅದು. ನನ್ನ ಬಿ.ಎ. ಮುಗಿದಿತ್ತು. ಗದಗಿನಲ್ಲಿ ಕಮಾನು, ತೋರಣ, ಮೆರವಣಿಗೆ. ಮುಂಬಯಿ ಕಡೆಯವರು, ಮೈಸೂರಿನವರು, ನಿಜಾಮನ ಸೀಮೆಯಿಂದ ಬಂದವರು ಎಲ್ಲ ಒಂದೇ ಮನೆಯವರಾದೆವು ಎಂದು ಭಾಷಣಗಳು. ಅವನ್ನು ಕೇಳಿ ಯಾರಿಗೆ ಏನಾಯಿತೋ ಗೊತ್ತಿಲ್ಲ. ಲಕ್ಷ್ಮೇಶ್ವರದಲ್ಲಿ ನನ್ನ ತಂದೆಯ ತಂದೆಗೆ, ನನ್ನ ಮುತ್ಯಾನಿಗೆ, ಮಾತ್ರ ಏನೋ ಆಯಿತು. ಅವನ ಹಿರಿಯ ಮಗ ಹಿಂದಿನ ವರ್ಷ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಒಂದು ದಿನ ಅವನ ಅಂಗಡಿಯ ಗುಮಾಸ್ತ ನಮ್ಮ ಬಾಗಿಲಲ್ಲಿ ನಿಂತ.

"ಸಾವಕಾರ್ರು ಹೇಳಿ ಕಳಸ್ಯಾರ್ರಿ ಬಾಯಾರ. ರಾಜ್ಯ ರಾಜ್ಯನ ಒಂದಾದವು, ಒಂದ ಮನಿ ಮಂದಿ ಯಾಕ ಎರಡ ಕಡೆ ಇರಬೇಕು ಅಂತ. ಹುಡುಗನ್ನ ಕಳಸಬೇಕಂತ. ಅಂಗಡಿ, ಹೊಲ ಎಲ್ಲಾ ಇನ್ನ ಅವನ ನೋಡಕೋಬೇಕಂತ. ಹೆಣ್ಣೂ ನೋಡ್ಯಾರ."

ನಾನು ಜೋರಾಗಿ ನಕ್ಕೆ. ಇಷ್ಟು ವರ್ಷ ನಾನು ಸತ್ತೆನೋ ಇದ್ದೆನೋ ಕೇಳದ ಮುದುಕ, ಈಗ ಆಳು ಬೇಕೆಂದು ಹೇಳಿ ಕಳಿಸಿದ್ದಾನೆ! ದೊಡ್ಡವ್ವ ಇವನನ್ನು ಹೇಗೆ ಓಡಿಸುತ್ತಾಳೆಂದು ನೋಡಲು ತಿರುಗಿದೆ. ಅವಳು ಗೋಡೆ ಹಿಡಿದು ನಿಂತಿದ್ದಳು.

"ಕೇಳಿದ್ರೇನು?" ಎಂದಳು. "ಖರೇನ ಕೇಳಿದ್ರೇನು?"

"ಹೌದ್ರಿ."

"ಆತು. ಸೋಮವಾರ ಕರಕೊಂಡ ಬರತೀನಂತ ಹೇಳ್ರಿ."

ಗುಮಾಸ್ತ ಹೋದ ಮೇಲೆ ನಾನು ಎಷ್ಟು ಕೂಗಾಡಿದೆನೆಂದರೆ ಪಕ್ಕದ ಓಣಿಯ ಮಗ್ಗಗಳು ಒಂದು ಗಳಿಗೆ ನಿಂತಿದ್ದವು. ಆಗ ಹೊರಬಿತ್ತು ಮೂಲ ಕತೆ. ನನ್ನ ತಂದೆತಾಯಿ ಸತ್ತಾಗ ಅವಳು ನನ್ನನ್ನು ಎತ್ತಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದಳಂತೆ, ನಿಮ್ಮ ಮಗನ ಕೂಸು, ನಿಮಗೆ ಬೇಕೇನು ಎಂದು ಕೇಳಲು. ಮುದುಕ ಹೊರಗೆ ಬರದೆ ಒಳಗಿನಿಂದಲೇ ಹೇಳಿದನಂತೆ: "ನಾವು ಕೇಳೂ ತನಕಾ ನಿಮ್ಮ ಕಡೇನ ಇರ್ಲಿ."

ಓದುಗರೇ, ಈ ಮಾತಿನ ಅರ್ಥ ನಿಮಗೆ ಗೊತ್ತು. ನನಗೆ ಗೊತ್ತು. ಬಾಗಿಲಿಗೆ ಬಂದವರನ್ನು ಸಾಗಹಾಕುವ ಮಾತು ಅದು! ಜಗತ್ತಿನಲ್ಲಿ ಬೇರೆ ಯಾವ ಹೆಂಗಸಾದರೂ "ಬೇಡವಂತೆ" ಎಂದು ತಿಳಿದು ನನ್ನನ್ನು ತನ್ನ ಮಗ ಅನ್ನುತ್ತಿದ್ದಳು. ನಮ್ಮ ದೊಡ್ಡವ್ವ ಮಾತ್ರ ಅದನ್ನು ಅಕ್ಷರಶಃ ಹಿಡಿದು, ಮಾಲಕ ಬಂದು ಕೇಳುವ ತನಕ ಅವನ ಮಾಲನ್ನು ಕಾಯುವ ಹಾಗೆ ನನ್ನನ್ನು ಕಾಯುತ್ತ ಕುಳಿತಿದ್ದಳು!

"ನಾನು ಓಟ ಹಾಕೋ ವಯಸ್ಸಿನಾವ!" ಎಂದೆ. "ಬಿ.ಎ. ಆದಾವ! ನನ್ನ ಕೇಳದ ನನ್ನ ಹೊಳ್ಳಿ ಕೊಡತೀಯೇನು?"

"ನಿನ್ನ ಕೇಳೂದು ಬಿಡೂದು ನಿಂದೂ ಅವರದೂ ಮಾತು. ನಂದೇನಿದ್ರೂ ಒಪ್ಪಸೂದು."

"ನಾ ಹೋಗಲಿಲ್ಲಂದ್ರ?"

"ನೀ ಅಲ್ಲಿಗೆ ಹೋಗಿ, ಅವ್ರ ಮಾರಿ ಮುಂದ ನಿಂತು, ಒಲ್ಲೆ ಅನ್ನು. ನನ್ನ ಮನ್ಯಾಗ ನಿಂತು ಅನಬ್ಯಾಡ. ಬಚ್ಚಿಟಗೊಂಡಂಗ ಆಗತೈತಿ."

ನಾನು ಹೋದದ್ದು ಅವಳ ಮಾತು ಕೇಳಿ ಅಲ್ಲ. ಇವಳು ಎಲ್ಲಿಯವರೆಗೆ ಹೋಗುತ್ತಾಳೋ ನೋಡಿಯೇ ಬಿಡಬೇಕೆಂಬ ಹಟದಿಂದ. ಕೋಟು ಕೊಟ್ಟಷ್ಟು ಸಲೀಸಾಗಿ ನನ್ನನ್ನು ಕೊಡುವುದಕ್ಕೆ ಆಗುತ್ತದೆಯೇ? ಒಂದು ಸಲ, ಒಂದೇ ಒಂದು ಸಲ, "ಇವನನ್ನು ಕೊಡುವುದಿಲ್ಲ" ಎಂದು ಅವಳ ಬಾಯಿಂದ ಬರಬೇಕು. ನನಗೆ ಬೇಕಾದದ್ದು ಅಷ್ಟೇ. ಗದಗಿನ ಬಸ್ಸು ಹತ್ತುವಾಗ ಅನ್ನುತ್ತಾಳೆಂದುಕೊಂಡೆ. ಅನ್ನಲಿಲ್ಲ. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಅನ್ನಬಹುದೆಂದುಕೊಂಡೆ. ಅಲ್ಲಿ ಇಳಿದು ನನಗೆ ಮಿರ್ಚಿ ಭಜಿ ತಂದುಕೊಟ್ಟು, ಕಟ್ಟಿದ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ನಾನು ಭಜಿಯನ್ನು ಸಿಟ್ಟಿನಿಂದ ತಿಂದೆ. ಬಹಳ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮುತ್ಯಾನ ಮನೆಯ ಪಡಸಾಲೆ ಎಂದರೆ ನಮ್ಮ ಬೆಟಗೇರಿಯ ಮನೆಯಂಥವು ನಾಲ್ಕು ಹಿಡಿಸುವಷ್ಟು ದೊಡ್ಡದು. ಒಂದು ಕಡೆ ಹತ್ತಿಯ ಅಂಡಿಗೆಗಳು. ನಡುವೆ ಲೋಡಿಗೆ ಒರಗಿ, ಹಣೆಯ ಮೇಲೆ ವಿಭೂತಿ ಧರಿಸಿದ ಮುದುಕ. ನನ್ನ ಮೂಗು ಅವನ ಮುಖದ ಮೇಲಿತ್ತು. ಇದನ್ನೂ ನಾನು ಆಮೇಲೆ ಕಲ್ಪಿಸಿಕೊಂಡೆನೋ ಏನೋ.

"ಬರ್ರಿ ಬಾಯಾರ, ಕುಂಡ್ರಿ," ಎಂದ. ನನ್ನನ್ನು ನೋಡಿದ.

ದೊಡ್ಡವ್ವ ಜಮಖಾನೆಯ ಅಂಚಿಗೆ ಕುಳಿತು, ಗಂಟು ಬಿಚ್ಚಿ, ಒಂದು ಚಿಕ್ಕ ಬೆಳ್ಳಿಯ ಉಡದಾರ ತೆಗೆದು ಮುಂದಿಟ್ಟಳು.

"ನನ್ನ ಕೈಗೆ ಬಂದಾಗ ಇದು ಮೈ ಮ್ಯಾಲಿತ್ತು. ಅರಿವೀನೂ ಇದ್ದವು, ಹರದು ಹೋದವು. ಎಡಗಿವಿ ಸೋರತಿತ್ತು, ವಾಸಿ ಮಾಡಿಸೀನಿ. ಸಣ್ಣಂವ ಇದ್ದಾಗ ಮಣ್ಣ ತಿಂತಿದ್ದ, ಬಿಡಿಸೀನಿ. ಗೊಬ್ಬರ ಆಗೇತಿ, ಮೈಲಿ ಆಗಿಲ್ಲ. ಒಂದ್ಸಲ ಮಾವಿನ ಗಿಡದಿಂದ ಬಿದ್ದು ಮುಂಗೈ ಮುರಕೊಂಡ, ಕೂಡೇತಿ, ಮಳಿಗಾಲದಾಗ ಜರಾ ನೋಯತೈತಿ, ನೋಡಕೋರಿ. ಬಿ.ಎ. ಮಾಡಿಸೀನಿ. ಸುಳ್ಳ ಹೇಳೂದಿಲ್ಲ. ಸಿಟ್ಟು ಭಾಳ, ಅದು ನಿಮ್ಮ ಕಡಿಂದ ಬಂದದ್ದು ಇರಬೇಕು."

ಗೊಬ್ಬರವೆಂದರೆ ದಡಾರ. ನನ್ನ ದಡಾರದ ವೃತ್ತಾಂತವನ್ನು ಹತ್ತಿ ವ್ಯಾಪಾರಿಯ ಮುಂದೆ ಬಿಚ್ಚಿಡುತ್ತಿದ್ದಾಳೆ! ಅಂಗಡಿಯ ಹಮಾಲರಿಬ್ಬರು ಅಂಡಿಗೆಗಳ ಹಿಂದೆ ನಿಂತು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು.

"ಲುಕ್ಸಾನ ಒಂದ ಐತ್ರಿ," ಎಂದಳು ದೊಡ್ಡವ್ವ. ದನಿ ಸಣ್ಣದಾಯಿತು. "ದೇವರನ್ನ ನಂಬೂದಿಲ್ಲ. ಭಾಳ ಪ್ರಯತ್ನ ಮಾಡೀನಿ. ನನ್ನ ಕೈಲಿಂದ ಆಗಲಿಲ್ಲ."

ಮುದುಕ ಮೊದಲ ಸಲ ಅಲುಗಾಡಿದ. "ನಿಮ್ಮ ದೇವರನ್ನ ನಂಬೂದಿಲ್ಲೇನು? ನಮ್ಮ ದೇವರನ್ನರ?"

"ಯಾರ ದೇವರನ್ನೂ ಇಲ್ರಿ. ಆ ವಿಷಯದಾಗ ನಿಮಗೂ ನಮಗೂ ಲುಕ್ಸಾನ ಸಮಾ."

ಹಮಾಲರಲ್ಲೊಬ್ಬ ಕಿಸಕ್ಕೆಂದ. ನಾನು ಎದ್ದು ನಿಂತೆ. "ನಾನೇನು ಎತ್ತು ಅಂತ ಮಾಡೀರೇನು? ಹಲ್ಲು ಎಣಿಸಿ, ಕಿವಿ ನೋಡಿ, ಹಗ್ಗಾ ಕೈಯಾಗ ಕೊಡಾಕ? ನಾ ಇಲ್ಲೂ ಇರೂದಿಲ್ಲ, ಅಲ್ಲೂ ಇರೂದಿಲ್ಲ! ಇಬ್ರಿಗೂ ಬ್ಯಾಡಾದ ಮ್ಯಾಲೆ ನಾ ಯಾರಿಗಾಗಿ ಇರ್ಲಿ?"

ದೊಡ್ಡವ್ವ ಎದ್ದು ನನ್ನ ಹತ್ತಿರ ಬಂದಳು. ಈಗ ಅನ್ನುತ್ತಾಳೆಂದುಕೊಂಡೆ. ಅವಳು ನನ್ನ ಕಾಲರನ್ನು ಸರಿಮಾಡಿ, "ಹಿರೇರ ಮುಂದ ಒದರಬಾರದು" ಎಂದು, ಮುದುಕನಿಗೆ ಕೈಮುಗಿದು, ಹೊರಟೇಬಿಟ್ಟಳು. ತಿರುಗಿ ನೋಡಲಿಲ್ಲ. ಅಷ್ಟೇ! ಒಬ್ಬ ಮನುಷ್ಯನನ್ನು ಇಪ್ಪತ್ತು ಚಿಲ್ಲರೆ ವರ್ಷ ಸಾಕಿದ್ದಕ್ಕೆ ಮುಕ್ತಾಯ ಇಷ್ಟೇ!

ನಾನು ಕಂಬಕ್ಕೆ ಒರಗಿ ನಿಂತೆ. ಅವಳನ್ನು ಬಸ್ಸಿಗೆ ಕಳಿಸಲು ಕೂಡ ಹೋಗಬಾರದೆಂದು ನಿರ್ಧರಿಸಿದೆ. ಮುದುಕ ಉಡದಾರವನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ನನ್ನನ್ನಲ್ಲ, ಉಡದಾರವನ್ನು ಮಾತಾಡಿಸುವವನಂತೆ ಹೇಳಿದ:

"ಇವತ್ತ ಮೊದಲನೇ ಸಲ ಒಳಗ ಬಂದು ಕುಂತ್ಲು ನೋಡು."

"ಅಂದ್ರ?"

"ನಿನಗ ಹೇಳಿಲ್ಲೇನು? ಪ್ರತಿ ಸುಗ್ಗೀಗೆ ಬರತಿದ್ಲು. ಹೊಸ್ತಲಾ ದಾಟತಿರಲಿಲ್ಲ. ಅಲ್ಲೇ ಹೊರಗ ನಿಂತು, 'ಹುಡುಗ ಆರಾಮ ಅದಾನ್ರಿ ಸಾವಕಾರ್ರ. ಈಗ ಕೇಳತೀರೇನು?' ಅಂತಿದ್ಲು. ನಾ 'ಈಗ ಬ್ಯಾಡ' ಅಂತಿದ್ದೆ. ಅಷ್ಟ. ಅಷ್ಟು ಕೇಳಿದ್ದ ತಡಾ, ಓಡತಿದ್ಲು."

"ಓಡತಿದ್ಲು?"

"ಓಡತಿದ್ಲೋ! ಸೆರಗು ಸೊಂಟಕ್ಕ ಸಿಗಿಸಿ, ಬಜಾರ ತುಂಬ ಮಂದಿ ನೋಡತಿದ್ರೂ, ಓಡಿ ಹೋಗತಿದ್ಲು. ನಾ ಎಲ್ಲಿ ಮನಸ್ಸ ಬದಲೀ ಮಾಡತೀನೋ, ಎಲ್ಲಿ ಹಿಂದಿಂದ ಕರೀತೀನೋ ಅಂತ. ಒಂದ್ ವರ್ಷ ಚಪ್ಪಲಿ ಇಲ್ಲೇ ಬಿಟ್ಟು ಓಡಿದ್ಲು. ಅಂಗಡಿ ಹುಡುಗರೆಲ್ಲಾ ನಗತಿದ್ರು. ನಾನೂ ನಗತಿದ್ದೆ." ಅವನು ಉಡದಾರವನ್ನು ಮಡಚಿ ಅಂಗೈಯಲ್ಲಿ ಮುಚ್ಚಿಕೊಂಡ. "ಇವತ್ತ ಸಾವಕಾಶ ನಡಕೊಂಡ ಹ್ವಾದ್ಲು."

ಆಮೇಲೆ ನಡೆದದ್ದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಮುದುಕ ತಾನಾಗಿಯೇ ಹೇಳಿದನೋ, ನನ್ನ ಮುಖ ನೋಡಿ ಹೇಳಿದನೋ, ಅಥವಾ ಹೇಳಬೇಕೆಂದು ನಾನು ಬಯಸಿದ್ದನ್ನೇ ಕೇಳಿಸಿಕೊಂಡೆನೋ? ಆದರೆ ಕಿವಿಯಲ್ಲಿ ಅವನ ದನಿ ಈಗಲೂ ಇದೆ.

"ಗದಗಿನ ಮೋಟಾರ ಇನ್ನೂ ಹೋಗಿರಾಕಿಲ್ಲ. ಹೋಗಿ ನಮ್ಮ ಬೀಗತಿಗೆ ಹೇಳು, ಈಗ ಬ್ಯಾಡ ಅಂದ್ರು ಅಂತ. ನಡಿ, ಜಲ್ದಿ ನಡಿ! ಸುಗ್ಗೀಗೆ ಇಬ್ರೂ ಬರ್ರಿ."

ಲಕ್ಷ್ಮೇಶ್ವರದ ಬಜಾರಿನಲ್ಲಿ ಬಿ.ಎ. ಆದ ಮನುಷ್ಯ ಓಡುವುದು ಶೋಭೆಯಲ್ಲ. ಓಡಿದೆ. ಬಸ್ಸು ನಿಂತಿತ್ತು. ದೊಡ್ಡವ್ವ ಹೆಂಗಸರ ಸೀಟಿನ ಮೂಲೆಯಲ್ಲಿ, ಖಾಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಡಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಪಕ್ಕದ ಹೆಂಗಸು ಏನೋ ಕೇಳುತ್ತಿದ್ದಳು, ಇವಳಿಗೆ ಕೇಳಿಸುತ್ತಿರಲಿಲ್ಲ. ನಾನು ಹತ್ತಿ ಎದುರಿಗೆ ನಿಂತೆ. ಅವಳು ತಲೆ ಎತ್ತಿ ನೋಡಿದಳು. ಕಣ್ಣು ಕೆಂಪಗಿದ್ದವು. ಮೊದಲು ಗದರಿಸಲು ಬಾಯಿ ತೆರೆದಳು.

"ಯಾಕ ಬಂದಿ? ಒಪ್ಪಿಸಿ ಬಂದೀನಲ್ಲೋ ನನ್ನ—"

"ಮುತ್ಯಾ ಹೇಳಿ ಕಳಸ್ಯಾನ," ಎಂದೆ. ಏದುಸಿರಿನಲ್ಲಿ ಮಾತು ಹೊರಡುತ್ತಿರಲಿಲ್ಲ. "ಈಗ ಬ್ಯಾಡಂತ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನನ್ನ ಮುಂಗೈಯನ್ನು, ಮಳೆಗಾಲದಲ್ಲಿ ನೋಯುವ ಅದೇ ಮುಂಗೈಯನ್ನು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡು ಕೂಡಿಸಿ, ಇಡೀ ಬಸ್ಸು ತಿರುಗಿ ನೋಡುವ ಹಾಗೆ ಕೂಗಿದಳು:

"ಡ್ರೈವರಪ್ಪಾ! ಏ ಡ್ರೈವರಪ್ಪಾ! ಯಾಕ ನಿಂತಿ? ಜಲ್ದಿ ಬಿಡೋ ಯಪ್ಪಾ ಗಾಡೀನ!"